ಎದ್ದು ನಿಲ್ಲಿ, ಮಂಡಿಚಿಪ್ಪು ಹಿಡಿದು ನೋಡಿ!

ಓದುವುದನ್ನು ಒಂದು ನಿಮಿಷ ನಿಲ್ಲಿಸಿ. ಎದ್ದು ನಿಲ್ಲಿ. ಈಗಲೇ!

ಕಾಲು ನೆಟ್ಟಗಿರಲಿ, ಮೈ ಸಡಿಲವಾಗಿರಲಿ. ನಿಧಾನವಾಗಿ ಮುಂದಕ್ಕೆ ಬಗ್ಗಿ ಒಂದು ಮಂಡಿಯ ಚಿಪ್ಪನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿಯಿರಿ. ಆಚೀಚೆ ಅಲ್ಲಾಡಿಸಿ. ಅಲ್ಲಾಡಿತಲ್ಲವೇ? ಎಷ್ಟು ಸಲೀಸಾಗಿ! ಈಗ ಮಂಡಿಯನ್ನು ತುಸುವೇ ತುಸು ಮಡಿಸಿ. ಮತ್ತೆ ಅಲ್ಲಾಡಿಸಿ. ಬಿಗಿ! ಕದಲುವುದೇ ಇಲ್ಲ!

ಏನಾಯಿತು ಗೊತ್ತೇ? ಆ ಚಿಪ್ಪನ್ನು ಮೇಲಿನಿಂದ ಹಿಡಿದಿರುವುದು ತೊಡೆಯ ಮುಂಭಾಗದ ದೊಡ್ಡ ಸ್ನಾಯುಗಳು. ಮಂಡಿ ಮಡಿಸಿದ ಕೂಡಲೇ ಅವು ಕೆಲಸಕ್ಕಿಳಿದವು, ಚಿಪ್ಪು ಬಿಗಿಯಿತು. ಅಂದರೆ, ನೀವು ನೆಟ್ಟಗೆ ನಿಂತಿದ್ದಾಗ ಅವು ಏನು ಮಾಡುತ್ತಿದ್ದವು? ನಿದ್ದೆ! ಮೈಭಾರವೆಲ್ಲ ಮಂಡಿಯ ಮೇಲಿದೆ, ತೊಡೆಯ ಸ್ನಾಯು ಮಾತ್ರ ಹಾಯಾಗಿ ಮಲಗಿದೆ!

ಹಾಗಾದರೆ ನಿಮ್ಮನ್ನು ನಿಲ್ಲಿಸಿದ್ದು ಯಾರು?

ಒಂದು ಬೀಗ. ಹೌದು, ಮಂಡಿ ತನಗೆ ತಾನೇ ಬೀಗ ಹಾಕಿಕೊಳ್ಳುತ್ತದೆ! ಅದನ್ನೂ ಕಣ್ಣಾರೆ ನೋಡಬಹುದು. ಕುರ್ಚಿಯ ಮೇಲೆ ಕುಳಿತುಕೊಳ್ಳಿ. ಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಮೂಳೆಯ ಮೇಲೊಂದು ಗಟ್ಟಿ ಉಬ್ಬು ಕೈಗೆ ಸಿಗುತ್ತದೆ. ಅದರ ಮೇಲೆ ಬೆರಳಿಟ್ಟುಕೊಂಡು ಕಾಲನ್ನು ನಿಧಾನವಾಗಿ ಮುಂದಕ್ಕೆ ಚಾಚಿ. ಇನ್ನೇನು ಕಾಲು ಪೂರ್ತಿ ನೆಟ್ಟಗಾಯಿತು ಅನ್ನುವಾಗ ಗಮನಿಸಿ. ಆ ಉಬ್ಬು ಮೆಲ್ಲಗೆ ಹೊರಗಡೆಗೆ ಸರಿಯುತ್ತದೆ! ನೀವು ತಿರುಗಿಸಲಿಲ್ಲ. ತಿರುಗಿಸಬೇಕೆಂದು ಅಂದುಕೊಳ್ಳಲೂ ಇಲ್ಲ. ಕೊನೆಯ 20 ಡಿಗ್ರಿಯ ಒಳಗೆ ಮೂಳೆ ತಾನಾಗಿಯೇ ತಿರುಗಿ, ಮೂಳೆಗಳನ್ನು ಒಂದಕ್ಕೊಂದು ಕಟ್ಟಿರುವ ಲಿಗಮೆಂಟುಗಳನ್ನೆಲ್ಲ ಬಿಗಿದು, ಕೂತುಬಿಟ್ಟಿತು!

ಕಾರಣ ಕೇಳಿದರೆ ಬೆರಗಾಗುತ್ತೀರಿ. ತೊಡೆಮೂಳೆಯ ಕೆಳತುದಿಯಲ್ಲಿ ಎರಡು ಗುಂಡನೆಯ ಉಬ್ಬುಗಳಿವೆ, ಒಳಗಡೆ ಒಂದು, ಹೊರಗಡೆ ಒಂದು. ಅವೆರಡೂ ಒಂದೇ ಅಳತೆಯವಲ್ಲ! ಒಳಗಡೆಯದು ತುಸು ಉದ್ದ. ಹೊರಗಡೆಯದರ ದಾರಿ ಮುಗಿದ ಮೇಲೂ ಒಳಗಡೆಯದಕ್ಕೆ ಇನ್ನೂ ಕೊಂಚ ದಾರಿ ಉಳಿದಿರುತ್ತದೆ. ಒಂದು ನಿಂತಿದೆ, ಇನ್ನೊಂದು ಓಡುತ್ತಿದೆ. ತಿರುಗದೆ ಏನು ಮಾಡೀತು?

ಬೀಗ ತೆಗೆಯುವುದಕ್ಕೂ ಒಬ್ಬನಿದ್ದಾನೆ. ಮಂಡಿಯ ಹಿಂಬದಿ ಗುಂಡಿಯ ಆಳದಲ್ಲಿರುವ ಪುಟ್ಟ ಸ್ನಾಯು, ಪಾಪ್ಲಿಟಿಯಸ್. ನೀವು ಕೂರಲು ಹೊರಟಾಗಲೆಲ್ಲ ಮೊದಲು ಅದು ಎಳೆಯಬೇಕು. ಆಮೇಲೆ ಉಳಿದದ್ದೆಲ್ಲ. ಹುಟ್ಟಿದಾಗಿನಿಂದ ನಿಮ್ಮ ಸೇವೆಯಲ್ಲಿರುವ ಈ ಸ್ನಾಯುವಿನ ಹೆಸರನ್ನು ಇವತ್ತಿನವರೆಗೆ ಕೇಳಿದ್ದಿರಾ?

ಮಂಡಿ ಅಂದರೆ ಬಾಗಿಲಿನ ಬಿಜಾಗರಿಯ ಹಾಗೆ ತೆರೆದು ಮುಚ್ಚುವ ಕೀಲು ಎಂದು ಶಾಲೆಯಲ್ಲಿ ಓದಿದ ನೆನಪು ನಮಗೆಲ್ಲ ಇದೆ. ಬಿಜಾಗರಿಗೆ ಒಂದು ಕಡ್ಡಿ ಇರುತ್ತದೆ, ಬಾಗಿಲು ಅದರ ಸುತ್ತಲೇ ತಿರುಗುತ್ತದೆ. ಮಂಡಿಯಲ್ಲಿ ಆ ಕಡ್ಡಿ ಎಲ್ಲಿದೆ? ಹುಡುಕಿ! ಸಿಗುವುದಿಲ್ಲ! ಮಂಡಿ ಮಡಿಸುವಾಗ ಮೂಳೆ ಉರುಳುತ್ತದೆ. ಉರುಳುತ್ತಲೇ ಜಾರುತ್ತದೆ. ಜಾರುತ್ತಲೇ ತಿರುಗುತ್ತದೆ. ತಿರುಗುವ ಕೇಂದ್ರವೇ ಗಳಿಗೆ ಗಳಿಗೆಗೂ ಜಾಗ ಬದಲಿಸುತ್ತದೆ! ಜರ್ಮನಿಯ ವೇಬರ್ ಸೋದರರು ಉರುಳು-ಜಾರಿನ ಈ ಜೋಡಿ ಚಲನೆಯನ್ನು ಬರೆದಿಟ್ಟದ್ದು ಯಾವಾಗ ಗೊತ್ತೇ? 1836ರಲ್ಲಿ! ಎಕ್ಸ್‌ರೇ ಬರಲು ಇನ್ನೂ ಸುಮಾರು 60 ವರ್ಷ ಇತ್ತು!

ಇನ್ನೊಂದು ವಿಚಿತ್ರ ಕೇಳಿ. ಮಂಡಿಯಲ್ಲಿ ಕೂಡುವ ಎರಡು ಮೂಳೆಗಳು ಒಂದಕ್ಕೊಂದು ಹೊಂದುವುದೇ ಇಲ್ಲ! ಸೊಂಟದಲ್ಲಾದರೆ ಗುಂಡಿಗೆ ಚೆಂಡು ಇಳಿದು ಕೂತಿರುತ್ತದೆ. ಮಂಡಿಯಲ್ಲಿ? ಮೇಲೆ ಗುಂಡನೆಯ ಎರಡು ಉಬ್ಬು, ಕೆಳಗೆ ಬಹುಮಟ್ಟಿಗೆ ಚಪ್ಪಟೆಯಾದ ಟಿಬಿಯಾ, ಅಂದರೆ ಮಂಡಿಯಿಂದ ಕೆಳಗಿನ ಮೂಳೆ. ಹೊರಗಡೆಯ ಭಾಗವಂತೂ ಚಪ್ಪಟೆಯೂ ಅಲ್ಲ, ಸ್ವಲ್ಪ ಉಬ್ಬಿಯೇ ಇದೆ! ಉಬ್ಬಿನ ಮೇಲೆ ಉಬ್ಬು! ಇಂಥ ಜಾಗದಲ್ಲಿ ನಿಂತು ನೀವು ಬಸ್ಸು ಹಿಡಿಯಲು ಓಡುತ್ತೀರಿ!

ಈ ಹೊಂದದ ಜೋಡಿಯನ್ನು ಹೊಂದಿಸಿದ್ದು ಮೆನಿಸ್ಕಸ್ ಎಂಬ ಮೆತ್ತೆ. ಪ್ರತಿ ಮಂಡಿಗೂ ಎರಡು. ಅಂಚಿನಲ್ಲಿ ದಪ್ಪ, ಒಳಗೆ ಬರುತ್ತ ತೆಳು, ಅರ್ಧಚಂದ್ರದ ಆಕಾರ. ಗುಂಡು ಮೂಳೆಗೂ ಚಪ್ಪಟೆ ಮೂಳೆಗೂ ನಡುವಿನ ಸಂದನ್ನು ತುಂಬಿ ಇವು ಭಾರವನ್ನು ಹರಡುತ್ತವೆ. ಎಷ್ಟು ಭಾರ? ಊಹಿಸಿ. ನೂರರಲ್ಲಿ ಹತ್ತು ಪಾಲು? ಇಪ್ಪತ್ತು? ಕಾಲು ನೆಟ್ಟಗಿದ್ದಾಗ ಮಂಡಿಯ ಮೂಲಕ ಹಾಯುವ ಭಾರದ ಸುಮಾರು ಅರ್ಧ! ಮಂಡಿಯನ್ನು 90 ಡಿಗ್ರಿ ಮಡಿಸಿದಾಗ ಸುಮಾರು ಶೇ 85!

ಈಗ ಕೇಳಿ, ನನ್ನ ಎದೆ ಝಲ್ಲೆನಿಸಿದ ಸಂಗತಿ. 1897ರಲ್ಲಿ ಇಂಗ್ಲೆಂಡಿನ ಹೆಸರಾಂತ ಶಸ್ತ್ರವೈದ್ಯ ಜಾನ್ ಬ್ಲಾಂಡ್-ಸಟನ್ ಈ ಮೆನಿಸ್ಕಸ್ ಬಗ್ಗೆ ಏನು ಬರೆದರು ಗೊತ್ತೇ? ಯಾವುದೋ ಕಾಲದ ಕಾಲುಸ್ನಾಯುವಿನ ಪಳೆಯುಳಿಕೆ, ಇದಕ್ಕೊಂದು ಕೆಲಸವಿಲ್ಲ ಎಂದು! ಕೆಲಸವಿಲ್ಲದ್ದನ್ನು ಇಟ್ಟುಕೊಂಡು ಏನು ಮಾಡುವುದು? ಅದು ಹರಿದರೆ ಇಡಿಯಾಗಿ ಕತ್ತರಿಸಿ ತೆಗೆಯುವುದು ದಶಕಗಳ ಕಾಲ ವಾಡಿಕೆಯಾಗಿತ್ತು. 1948ರಲ್ಲಿ ಫೇರ್‌ಬ್ಯಾಂಕ್ ಎಂಬ ಇನ್ನೊಬ್ಬ ಬ್ರಿಟಿಷ್ ವೈದ್ಯರು ಮೆನಿಸ್ಕಸ್ ತೆಗೆಸಿಕೊಂಡವರ ಎಕ್ಸ್‌ರೇಗಳನ್ನು ಸಾಲಾಗಿ ನೋಡಿದರು. ಮೂಳೆಯ ಅಂಚಿನಲ್ಲಿ ಹೊಸ ಏಣು ಎದ್ದಿದೆ. ಗುಂಡಗಿದ್ದ ಉಬ್ಬು ಚಪ್ಪಟೆಯಾಗಿದೆ. ಮೂಳೆಗಳ ನಡುವಿನ ಸಂದು ಕಿರಿದಾಗಿದೆ. ಕೆಲಸವಿಲ್ಲದ ಆ ವಸ್ತು ಇಲ್ಲವಾದ ಮೇಲೆ ಮಂಡಿಯೇ ಸವೆಯತೊಡಗಿತ್ತು!

ಇವತ್ತು ಸಾಧ್ಯವಾದಷ್ಟನ್ನು ಹೊಲಿದು ಉಳಿಸುತ್ತಾರೆ, ಹಾಳಾದ ಚೂರನ್ನಷ್ಟೇ ತೆಗೆಯುತ್ತಾರೆ. ಅದೂ ಸಣ್ಣ ತೂತಿನೊಳಗಿಂದ! ಆ ದಾರಿ ತೆರೆದದ್ದು ಜಪಾನ್. 1918ರಲ್ಲಿ ಟೋಕಿಯೋದ ಕೆಂಜಿ ಟಕಾಗಿ ಶವದ ಮಂಡಿಯೊಳಗೆ ಏನು ತೂರಿಸಿ ನೋಡಿದರು, ಊಹಿಸಬಲ್ಲಿರಾ? ಮೂತ್ರಕೋಶ ನೋಡುವ ದುರ್ಬೀನು! ಅವರ ಶಿಷ್ಯ ಮಸಾಕಿ ವಟನಾಬೆ 1962ರಲ್ಲಿ ಅಂಥದೇ ದುರ್ಬೀನಿನ ನೆರವಿನಿಂದ ಬದುಕಿರುವ ಮನುಷ್ಯನ ಹರಿದ ಮೆನಿಸ್ಕಸ್ಸಿನ ಚೂರನ್ನು ಕತ್ತರಿಸಿ ತೆಗೆದರು.

ಸರಿ, ಭಾರದ ಮಾತಿಗೆ ಬರೋಣ. ನಡೆಯುವಾಗ ನಿಮ್ಮ ಒಂದು ಮಂಡಿಯ ಮೇಲೆ ಬೀಳುವ ಭಾರ ಎಷ್ಟು? ಮೈತೂಕದಷ್ಟೇ? ಇಲ್ಲ. ಒಂದೂವರೆ ಪಟ್ಟು? ಇಲ್ಲ!

ಇದನ್ನು ಅಂದಾಜಿನಲ್ಲಿ ಹೇಳಬೇಕಾಗಿಲ್ಲ. ಬರ್ಲಿನ್ನಿನ ಸಂಶೋಧಕರು ಕೃತಕ ಮಂಡಿಯೊಳಗೇ ಅಳೆಯುವ ಸಾಧನವನ್ನು ಇಟ್ಟು, ಐದು ಜನರಿಗೆ ಜೋಡಿಸಿ, ಒಳಗಿನಿಂದಲೇ ರೇಡಿಯೋ ಮೂಲಕ ಲೆಕ್ಕ ತರಿಸಿಕೊಂಡರು! ಆ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಸಮತಟ್ಟು ನೆಲದ ಮೇಲೆ ಸುಮ್ಮನೆ ನಡೆದರೆ ಮೈತೂಕದ ಶೇ 261! ಎರಡೂವರೆ ಪಟ್ಟಿಗೂ ಹೆಚ್ಚು! ಏಕೆಂದರೆ ಮೈಭಾರದ ಜೊತೆಗೆ ಸ್ನಾಯುಗಳ ಎಳೆತವೂ ಮೂಳೆಗಳನ್ನು ಒಂದಕ್ಕೊಂದು ಒತ್ತುತ್ತದೆ.

ಇನ್ನೊಂದು ಪ್ರಶ್ನೆ. ಮೆಟ್ಟಿಲು ಹತ್ತುವಾಗ ಹೆಚ್ಚು ಭಾರವೋ, ಇಳಿಯುವಾಗಲೋ? ಹತ್ತುವಾಗ ಎಂದಿರಾ? ನಾನೂ ಹಾಗೆಯೇ ಅಂದುಕೊಂಡಿದ್ದೆ! ಹತ್ತುವಾಗ ಶೇ 316. ಇಳಿಯುವಾಗ ಶೇ 346! ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರು ಏದುಸಿರು ಬಿಡುತ್ತಾರೆ, ನಿಜ. ಇಳಿದವರು ಹಿಡಿದುಕೊಳ್ಳುವುದು ಮಂಡಿಯನ್ನು!

ಒಂದು ಲೆಕ್ಕ ಹಾಕೋಣ ಬನ್ನಿ. ನಿಮ್ಮ ತೂಕ 60 ಕಿಲೋ ಎನ್ನಿ. ದಿನಕ್ಕೆ 5,000 ಹೆಜ್ಜೆ ನಡೆಯುತ್ತೀರಿ. ಒಂದೊಂದು ಮಂಡಿಗೆ 2,500 ಹೆಜ್ಜೆ. ಒಂದೊಂದು ಹೆಜ್ಜೆಗೆ ಸುಮಾರು 156 ಕಿಲೋ. ಎಲ್ಲವನ್ನೂ ಕೂಡಿ. ಎಷ್ಟಾಯಿತು? 390 ಟನ್! ಒಂದೇ ಮಂಡಿಗೆ! ಒಂದೇ ದಿನಕ್ಕೆ!

ಮೈತೂಕ ಇಳಿಸಿಕೊಂಡರೆ ಮಂಡಿಗೆ ಎಷ್ಟು ಲಾಭ? ಕಳೆದುಕೊಂಡಷ್ಟೇ ಅಲ್ಲ, ಅದರ ನಾಲ್ಕು ಪಟ್ಟು! ಒಂದು ಕಿಲೋ ಕಳೆದರೆ ಹೆಜ್ಜೆ ಹೆಜ್ಜೆಗೂ ಮಂಡಿಗೆ ನಾಲ್ಕು ಕಿಲೋ ಹಗುರ. ಮಂಡಿ ಸವೆತವಿದ್ದ ಹಿರಿಯರ ನಡಿಗೆಯನ್ನು ಅಳೆದು 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ಹೇಳಿದ ಮಾತಿದು.

ಇಷ್ಟು ಭಾರ ಹೊತ್ತು, ಇಷ್ಟು ಸಲ ಉಜ್ಜಿಕೊಂಡರೂ ಮಂಡಿ ಬಿಸಿಯೇರುವುದಿಲ್ಲ, ಕಿರುಗುಟ್ಟುವುದಿಲ್ಲ. ಹೇಗೆ? ಇದಕ್ಕೆ ಮಟನ್ ಅಂಗಡಿಗೇ ಹೋಗಬೇಕು. ಕುರಿಯ ತೊಡೆ ಬಿಡಿಸುವಾಗ ಕೀಲಿನ ಜಾಗವನ್ನು ದಿಟ್ಟಿಸಿ ನೋಡಿ. ಮೂಳೆಯ ತುದಿಗೆ ನೀಲಿ ಬೆರೆತ ಬಿಳುಪಿನ ಹೊಳೆಯುವ ಪದರವಿರುತ್ತದೆ. ಬೆರಳಿಟ್ಟು ನೋಡಿ. ಒತ್ತಿದರೂ ಬೆರಳು ನಿಲ್ಲುವುದಿಲ್ಲ, ಜಾರಿಹೋಗುತ್ತದೆ! ಅದೇ ಕಾರ್ಟಿಲೇಜ್. ನಿಮ್ಮ ಮಂಡಿಯಲ್ಲೂ ಅದೇ ಇದೆ. ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತ ಕಡಿಮೆ ಘರ್ಷಣೆಯಲ್ಲಿ ಅದು ಜಾರುತ್ತದೆ!

ಅದನ್ನು ಒದ್ದೆಯಾಗಿಡುವ ದ್ರವ ಎಷ್ಟಿರಬಹುದು? ಒಂದು ಲೋಟ? ಅರ್ಧ ಲೋಟ? ಆರೋಗ್ಯವಂತರ ಮಂಡಿಯಲ್ಲಿ ಒಂದು ಟೀ ಚಮಚವೂ ತುಂಬುವುದಿಲ್ಲ! ಕೆಲವೇ ಮಿಲಿಲೀಟರ್! ದೇಹದ ಅತಿ ದೊಡ್ಡ ಕೀಲಿಗೆ ಇಷ್ಟೇ ಸಾಕು!

ಈ ಕಾರ್ಟಿಲೇಜಿನಲ್ಲಿ ರಕ್ತನಾಳ ಎಷ್ಟಿವೆ? ಒಂದೂ ಇಲ್ಲ! ನರ? ಅದೂ ಇಲ್ಲ! ರಕ್ತವಿಲ್ಲದೆ ಬದುಕುವುದು ಹೇಗೆ? ಅದರ ಮುಕ್ಕಾಲು ಪಾಲಿನಷ್ಟು ನೀರು. ಹೆಜ್ಜೆ ಊರಿದಾಗ ಒತ್ತಡಕ್ಕೆ ಅದರೊಳಗಿನ ದ್ರವ ಕೊಂಚ ಹೊರಗೆ ಬರುತ್ತದೆ, ಹೆಜ್ಜೆ ಎತ್ತಿದಾಗ ಸುತ್ತಲಿನ ದ್ರವ ಒಳಗೆ ಸೇರುತ್ತದೆ. ಆಹಾರ ಬರುವುದೇ ಆ ದ್ರವದ ಜೊತೆ. ನಡೆದರೆ ಊಟ! ಕೂತರೆ ಅರೆಹೊಟ್ಟೆ!

ತಡೆಯಿರಿ, ನಿಜವಾದ ವಿಸ್ಮಯ ಇನ್ನೂ ಬಂದಿಲ್ಲ. ನಿಮ್ಮ ಮಂಡಿಯ ಕಾರ್ಟಿಲೇಜಿಗೆ ಈಗ ವಯಸ್ಸೆಷ್ಟು? ಚರ್ಮ ಉದುರಿ ಹೊಸದು ಬರುತ್ತದೆ. ರಕ್ತಕಣ ಹೊಸದಾಗುತ್ತದೆ. ಮೂಳೆ ಕೂಡ ತನ್ನನ್ನು ತಾನೇ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ. ಇದು?

ಉತ್ತರ ಕೊಟ್ಟದ್ದು ಅಣುಬಾಂಬು! 1950ರ ದಶಕದಿಂದ 1963ರವರೆಗೆ ದೊಡ್ಡ ದೇಶಗಳು ಬಯಲಿನಲ್ಲಿ ಬಾಂಬು ಸಿಡಿಸಿ ಪರೀಕ್ಷಿಸಿದ್ದರಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣ ಸೂಸುವ ಇಂಗಾಲ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಆಮೇಲೆ ವರ್ಷ ವರ್ಷವೂ ಇಳಿಯುತ್ತ ಬಂತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ಅನ್ನಕ್ಕೆ, ಅನ್ನದಿಂದ ಮೈಗೆ! ಹೀಗೆ ಆ ಕಾಲದ ಪ್ರತಿಯೊಬ್ಬರ ದೇಹದಲ್ಲೂ ಇಸವಿಯ ಗುರುತು ಬಿತ್ತು. ಡೆನ್ಮಾರ್ಕಿನ ಸಂಶೋಧಕರು ಮಂಡಿಯ ಕಾರ್ಟಿಲೇಜಿನ ತುಣುಕುಗಳಲ್ಲಿ ಈ ಗುರುತನ್ನು ಓದಿ 2016ರಲ್ಲಿ ಪ್ರಕಟಿಸಿದರು. ಕಾರ್ಟಿಲೇಜಿಗೆ ಗಟ್ಟಿತನ ಕೊಡುವ ಕೊಲಾಜನ್ ಎಳೆಗಳಲ್ಲಿ ಸಿಕ್ಕಿದ್ದು ಯಾವ ಇಸವಿ? ಆಯಾ ಮನುಷ್ಯರ ಬಾಲ್ಯದ ಇಸವಿ! ಹದಿಹರೆಯ ಮುಗಿದ ಮೇಲೆ ಹೊಸ ಎಳೆ ಸೇರಿದ್ದಕ್ಕೆ ಕುರುಹೇ ಇಲ್ಲ!

ಇದನ್ನು ಮತ್ತೊಮ್ಮೆ ಓದಿ. ನೀವು ಈಗ 70ರ ಅಜ್ಜಿಯಾಗಿರಬಹುದು. ನಿಮ್ಮ ಮಂಡಿಯ ಆ ಎಳೆಗಳು ನೀವು ಕುಂಟೆಬಿಲ್ಲೆ ಆಡುತ್ತಿದ್ದಾಗ ನೇಯ್ದವು! ಆಗ ಕುಪ್ಪಳಿಸಿದ್ದೂ ಅವುಗಳ ಮೇಲೆ, ಇವತ್ತು ದೇವಸ್ಥಾನದ ಮೆಟ್ಟಿಲು ಹತ್ತುವುದೂ ಅವುಗಳ ಮೇಲೆಯೇ. ಒಮ್ಮೆ ಸವೆದರೆ ಮತ್ತೆ ಬೆಳೆಯದು ಎಂದು ಡಾಕ್ಟರರು ಹೇಳುವುದು ಇದಕ್ಕೇ.

ಹಾಗಿದ್ದರೆ ಓಡಿದರೆ ಬೇಗ ಸವೆಯಬೇಕಲ್ಲವೇ? ನೀವು ಹಾಗೆ ಕೇಳುತ್ತೀರೆಂದು ಗೊತ್ತಿತ್ತು! ಒಂದು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ಲೆಕ್ಕ ಹಾಕಿದರು. ಓಡದೆ ಕೂತಿರುವವರಲ್ಲಿ ಸೊಂಟ ಅಥವಾ ಮಂಡಿಯ ಸವೆತ ಶೇ 10.2. ಹವ್ಯಾಸಕ್ಕೆ ಓಡುವವರಲ್ಲಿ? ಶೇ 3.5! ಮೂರನೇ ಒಂದು ಪಾಲು! ಸ್ಪರ್ಧೆಗಾಗಿ ಓಡುವವರಲ್ಲಿ ಮಾತ್ರ ಅದು ಶೇ 13.3. ಓಟವೇ ಕಾಪಾಡಿತು ಎಂದು ಈ ಅಂಕಿಗಳು ಸಾಧಿಸಿ ತೋರಿಸುವುದಿಲ್ಲ, ಗಟ್ಟಿ ಮಂಡಿ ಇದ್ದವರೇ ಓಡುತ್ತಿರಬಹುದು. ಆದರೂ ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಓಡುವವರನ್ನು ತಡೆದು ಮಂಡಿ ಹೋಗುತ್ತೆ ಎಂದು ಹೆದರಿಸುವುದನ್ನು ದಯವಿಟ್ಟು ಬಿಡೋಣ!

ಕಬಡ್ಡಿ ನೋಡುವವರಿಗೆ ಎಸಿಎಲ್ ಗೊತ್ತು. ಆಟಗಾರ ಸರ್ರನೆ ತಿರುಗಿ ಕುಸಿದು ಮಂಡಿ ಹಿಡಿದುಕೊಂಡರೆ ಎಲ್ಲರ ಬಾಯಲ್ಲೂ ಅದೇ ಹೆಸರು. ಮಂಡಿಯ ಒಳಗೆ ಅಡ್ಡಡ್ಡ ಹಾಯುವ ಎರಡು ಲಿಗಮೆಂಟುಗಳಲ್ಲಿ ಮುಂದಿನದು. ಉದ್ದ ಸುಮಾರು 3 ಸೆಂಟಿಮೀಟರ್, ಅಷ್ಟೇ! 1991ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ಅದನ್ನು ಎಳೆದು ಪರೀಕ್ಷಿಸಿದರು. 22ರಿಂದ 35ರ ವಯಸ್ಸಿನವರದು ಹರಿಯಲು ಬೇಕಾದ ಬಲ 2,160 ನ್ಯೂಟನ್. ಅಂದರೆ 220 ಕಿಲೋ ತೂಗುಹಾಕಿದಷ್ಟು!

ಇನ್ನು ಆ ಚಿಪ್ಪು. ಹುಟ್ಟಿದ ಮಗುವಿನ ಮಂಡಿಯ ಎಕ್ಸ್‌ರೇ ತೆಗೆದರೆ ಚಿಪ್ಪು ಕಾಣುತ್ತದೆಯೇ? ಕಾಣುವುದಿಲ್ಲ! ಅದಿನ್ನೂ ಬರೀ ಕಾರ್ಟಿಲೇಜ್. ಮೂರು ವರ್ಷದಿಂದ ಆರು ವರ್ಷದೊಳಗೆ ನಿಧಾನವಾಗಿ ಮೂಳೆಯಾಗತೊಡಗುತ್ತದೆ. ಅಂಬೆಗಾಲಿಡುವ ಪೋರನ ಮಂಡಿ ನೆಲಕ್ಕೆ ಅಷ್ಟು ಬಡಿದರೂ ಚಿಪ್ಪು ಬಿರಿಯದಿರುವುದರಲ್ಲಿ ಆಶ್ಚರ್ಯವೇನು, ಬಿರಿಯಲು ಅಲ್ಲಿ ಮೂಳೆಯೇ ಇಲ್ಲ!

ದೊಡ್ಡವರಲ್ಲಿ ಅದೇ ಚಿಪ್ಪಿನ ಹಿಂಬದಿಗೆ ದೇಹದ ಅತಿ ದಪ್ಪನೆಯ ಕಾರ್ಟಿಲೇಜ್ ಇದೆ. ಚಿಪ್ಪಿಗೂ ಚರ್ಮಕ್ಕೂ ನಡುವೆ ದ್ರವದ ತೆಳು ಚೀಲವೊಂದಿದೆ, ಚರ್ಮ ಮೂಳೆಗೆ ಅಂಟದೆ ಜಾರಲಿ ಎಂದು. ಬಡಗುತಿಟ್ಟಿನ ಯಕ್ಷಗಾನದಲ್ಲಿ ಮಂಡಿ ಕುಣಿತ ನೋಡಿದ್ದೀರಾ? ಚೆಂಡೆಯ ಪೆಟ್ಟು ಏರುತ್ತದೆ, ಬಭ್ರುವಾಹನನೋ ಅಭಿಮನ್ಯುವೋ ಎರಡೂ ಮಂಡಿಯೂರಿ ರಂಗಸ್ಥಳದಲ್ಲಿ ಗಿರಗಿರನೆ ಸುತ್ತುತ್ತಾನೆ, ಪ್ರೇಕ್ಷಕರು ಸುತ್ತು ಎಣಿಸುವುದನ್ನೇ ಮರೆಯುತ್ತಾರೆ. ವೇಷಧಾರಿಯ ಮೈ, ಕಿರೀಟ, ಆಭರಣ ಎಲ್ಲದರ ಭಾರ ಆ ಎರಡು ಮಂಡಿಗಳ ಮೇಲೆ! ಮುಂದಿನ ಸಲ ನೋಡುವಾಗ ನಿಮ್ಮ ಕಣ್ಣು ಅಲ್ಲಿಗೇ ಹೋಗಲಿ!

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವ, ಕುಕ್ಕರಗಾಲಿನಲ್ಲಿ ಕೂತು ಬಟ್ಟೆ ಒಗೆಯುವ ನಮ್ಮ ಜನರ ಮಂಡಿಯೂ ಕಡಿಮೆಯದೇನಲ್ಲ. ನಡೆಯಲು 60 ಡಿಗ್ರಿ ಚಿಲ್ಲರೆ ಮಡಿಸಿದರೆ ಸಾಕು. ಕುಕ್ಕರಗಾಲಿಗೆ 130 ದಾಟಬೇಕು! ಆಗ ಒಳಗೇನಾಗುತ್ತದೆ? ತೊಡೆಮೂಳೆಯ ಹೊರ ಉಬ್ಬು ಹಿಂದಕ್ಕೆ, ಇನ್ನೂ ಹಿಂದಕ್ಕೆ ಉರುಳಿ ಟಿಬಿಯಾದ ಹಿಂದಿನ ಅಂಚಿಗೇ ಹೋಗಿ ನಿಲ್ಲುತ್ತದೆ. ಎಂಆರ್‌ಐ ಚಿತ್ರದಲ್ಲಿ ನೋಡಿದರೆ ಇನ್ನೇನು ಬಿದ್ದೇಹೋಯಿತು ಅನ್ನಿಸಬೇಕು! ಬೀಳುವುದಿಲ್ಲ! ಅಜ್ಜಿ ಎದ್ದು ಬಟ್ಟೆ ಹಿಂಡುತ್ತಾಳೆ!

ಈಗ ಇಥಿಯೋಪಿಯಾಕ್ಕೆ ಹೋಗೋಣ. 1973. ಹಡಾರ್ ಎಂಬ ಬರಡು ನೆಲ. ಡೊನಾಲ್ಡ್ ಜೊಹಾನ್ಸನ್ ಎಂಬ ಯುವ ವಿಜ್ಞಾನಿಯ ಕಣ್ಣಿಗೆ ಮಣ್ಣಿನಿಂದ ಇಣುಕುವ ಮೂಳೆಯೊಂದು ಬಿತ್ತು. ನೀರಾನೆಯ ಪಕ್ಕೆಲುಬಿರಬೇಕು ಎಂದುಕೊಂಡರು. ಎತ್ತಿ ನೋಡಿದರೆ ಟಿಬಿಯಾದ ಮೇಲ್ತುದಿ! ಪಕ್ಕದಲ್ಲೇ ತೊಡೆಮೂಳೆಯ ಕೆಳತುದಿ! ಎರಡನ್ನೂ ಜೋಡಿಸಿದರು. ತೊಡೆಮೂಳೆ ನೇರವಾಗಿ ನಿಲ್ಲಲಿಲ್ಲ, ಓರೆಯಾಗಿ ನಿಂತಿತು. ನನ್ನ, ನಿಮ್ಮ ತೊಡೆಮೂಳೆಯ ಹಾಗೆ! ಸುಮಾರು 34 ಲಕ್ಷ ವರ್ಷದ ಹಿಂದಿನ ಮಂಡಿ ಅದು. ಎರಡೇ ಕಾಲಿನಲ್ಲಿ ನಡೆದಿದ್ದ ಜೀವಿಯ ಮಂಡಿ! ಲೂಸಿ ಎಂಬ ಜಗತ್ಪ್ರಸಿದ್ಧ ಪಳೆಯುಳಿಕೆ ಸಿಕ್ಕಿದ್ದು ಅದರ ಮರುವರ್ಷ.

ಓರೆಯೊಂದರಿಂದಲೇ ಹೇಗೆ ಹೇಳಿದರು? ನಮ್ಮ ತೊಡೆಮೂಳೆ ಸೊಂಟದಿಂದ ಮಂಡಿಗೆ ಸುಮಾರು 10 ಡಿಗ್ರಿ ಒಳಮುಖವಾಗಿ ಇಳಿಯುತ್ತದೆ. ಹಾಗಾಗಿ ಒಂಟಿಕಾಲಿನಲ್ಲಿ ಹೆಜ್ಜೆ ಊರಿದಾಗ ಪಾದ ಮೈಭಾರದ ಕೆಳಗೇ ಬರುತ್ತದೆ. ಚಿಂಪಾಂಜಿಗೆ ಈ ಓರೆ ಇಲ್ಲ, ಅದಕ್ಕೇ ಎರಡು ಕಾಲಿನಲ್ಲಿ ನಡೆದರೆ ಅತ್ತಿತ್ತ ವಾಲಾಡುತ್ತದೆ. ಇನ್ನೂ ಸೋಜಿಗದ ಸಂಗತಿ ಈಗ! ನಾವು ಹುಟ್ಟುವಾಗ ನಮಗೂ ಈ ಓರೆ ಇರುವುದಿಲ್ಲ! ತಪ್ಪು ಹೆಜ್ಜೆ ಇಡುತ್ತ, ಬೀಳುತ್ತ, ಏಳುತ್ತ ಮಗು ನಡೆದ ಹಾಗೆಲ್ಲ ಮೂಳೆ ಓರೆಯಾಗಿ ಬೆಳೆಯುತ್ತದೆ. ಎಂದೂ ನಡೆಯಲಾಗದ ಮಕ್ಕಳಲ್ಲಿ ಆ ಓರೆ ಮೂಡುವುದೇ ಇಲ್ಲ. ನಡಿಗೆಯೇ ಮಂಡಿಯನ್ನು ತಿದ್ದುತ್ತದೆ!

ಇಷ್ಟೆಲ್ಲ ಶೋಧಿಸಿ ಮುಗಿದ ಮೇಲೆ ಮಂಡಿಯಲ್ಲಿ ಹೊಸದೇನು ಉಳಿದೀತು ಎನ್ನುತ್ತೀರಾ? 2013ರಲ್ಲಿ ಬೆಲ್ಜಿಯಂನ ಲೂವೆನ್‌ನಲ್ಲಿ ಸ್ಟೀವನ್ ಕ್ಲಾಸ್, ಯೋಹಾನ್ ಬೆಲೆಮನ್ಸ್ ಮತ್ತು ಸಂಗಡಿಗರು 41 ಶವಗಳ ಮಂಡಿಯನ್ನು ಬಿಡಿಸಿ ನೋಡಿದರು. ಹೊರಬದಿಯಲ್ಲಿ, ಪಠ್ಯಪುಸ್ತಕಗಳು ಸರಿಯಾಗಿ ತೋರಿಸದೇ ಬಿಟ್ಟಿದ್ದ ಒಂದು ಲಿಗಮೆಂಟ್! 41ರಲ್ಲಿ ಎಷ್ಟರಲ್ಲಿ ಇತ್ತು? 40ರಲ್ಲಿ! ಪ್ಯಾರಿಸ್ಸಿನ ಪಾಲ್ ಸೆಗೊಂ 1879ರಲ್ಲೇ ಮುತ್ತಿನ ಹೊಳಪಿನ ಪಟ್ಟಿಯೊಂದು ಅಲ್ಲಿದೆ ಎಂದು ಬರೆದಿಟ್ಟಿದ್ದರು. ಅದರ ಕೆಲಸ ಎಷ್ಟು ದೊಡ್ಡದು ಎಂಬ ಬಗ್ಗೆ ತಜ್ಞರ ವಾದ ಜೋರಾಗಿಯೇ ನಡೆಯಿತು.

ಕೊನೆಯದು ಎಲ್ಲಕ್ಕಿಂತ ವಿಚಿತ್ರ. ಮಂಡಿಯ ಹಿಂದೆ, ಹೊರಬದಿಗೆ, ಮೀನಖಂಡದ ಸ್ನಾಯುವಿನ ಮೇಲ್ತುದಿಯಲ್ಲಿ ಕೆಲವರಿಗೆ ಒಂದು ಪುಟಾಣಿ ಮೂಳೆ ಇರುತ್ತದೆ. ಹೆಸರು ಫ್ಯಾಬೆಲ್ಲಾ. ಎಲ್ಲರಿಗೂ ಇಲ್ಲ! ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 27 ದೇಶಗಳ 21,000ಕ್ಕೂ ಹೆಚ್ಚು ಮಂಡಿಗಳ ದಾಖಲೆ ಜಾಲಾಡಿ 2019ರಲ್ಲಿ ಲೆಕ್ಕ ಕೊಟ್ಟರು. 1918ರಲ್ಲಿ ಅದು ಇದ್ದದ್ದು ಜಗತ್ತಿನ ಶೇ 11 ಮಂದಿಗೆ. ನೂರು ವರ್ಷದ ನಂತರ? ಕಡಿಮೆಯಾಗಿರಬೇಕು ಎಂದಿರಾ? ಶೇ 39! ಮೂರೂವರೆ ಪಟ್ಟು! ನಮ್ಮ ಕಣ್ಣೆದುರೇ ಮನುಷ್ಯರ ಮಂಡಿಯಲ್ಲಿ ಒಂದು ಮೂಳೆ ಹೆಚ್ಚುತ್ತಿದೆ! ಒಳ್ಳೆಯ ಊಟ ಸಿಕ್ಕಿ ಜನ ಎತ್ತರವಾದರು, ತೂಕವಾದರು, ಮೀನಖಂಡ ದಪ್ಪವಾಯಿತು, ಆ ಜಾಗದ ಮೇಲೆ ಒತ್ತಡ ಏರಿತು, ಅದರಿಂದಿರಬೇಕು ಎಂಬುದು ಆ ಸಂಶೋಧಕರ ಊಹೆ.

ನಿಮಗಿದೆಯೇ? ಮನೆಯಲ್ಲಿ ಹಳೆಯ ಮಂಡಿ ಎಕ್ಸ್‌ರೇ ಇದ್ದರೆ ಹೊರತೆಗೆಯಿರಿ. ಪಕ್ಕದಿಂದ ತೆಗೆದದ್ದೇ ಬೇಕು, ಎದುರಿನಿಂದ ತೆಗೆದದ್ದರಲ್ಲಿ ಅದು ತೊಡೆಮೂಳೆಯ ಮರೆಗೆ ಸೇರಿಬಿಡುತ್ತದೆ. ಕಿಟಕಿಯ ಬೆಳಕಿಗೆ ಹಿಡಿಯಿರಿ. ತೊಡೆಮೂಳೆಯ ಗುಂಡು ತುದಿಯ ಹಿಂದೆ ಸಣ್ಣದೊಂದು ಬಿಳಿ ಚುಕ್ಕೆ ಇದೆಯೇ? ಇದ್ದರೆ ಇನ್ನೊಂದು ಕಾಲಿನದನ್ನೂ ನೋಡಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಲೂಬಹುದು!